ಉಪವಾಸವಿದ್ದು ಔಷಧವನ್ನು ದಾಟುವ ಮಲೇರಿಯಾ ಪರಾವಲಂಬಿ

ಆರ್ಟೆಮಿಸಿನಿನ್ ಎಂಬ ಔಷಧ ಕೊಟ್ಟರೂ ಮಲೇರಿಯಾ ಪರಾವಲಂಬಿ ರಕ್ತದಿಂದ ಬೇಗ ಮರೆಯಾಗದಿರುವುದು ಆಗ್ನೇಯ ಏಷ್ಯಾದಲ್ಲಿ ಮೊದಲು ಕಂಡುಬಂತು. ಅದಕ್ಕೂ ಪರಾವಲಂಬಿಯ ಕೆಲ್ಚ್13 ಎಂಬ ಜೀನಿನ ರೂಪಾಂತರಗಳಿಗೂ ನಂಟಿದೆ ಎಂಬುದು 2014ರ ಹೊತ್ತಿಗೆ ತಿಳಿಯಿತು. ಆದರೆ ಆ ಜೀನಿನಿಂದ ತಯಾರಾಗುವ ಪ್ರೋಟೀನಿನ ಕೆಲಸವಾದರೂ ಏನು? ಜೀನನ್ನು ಎಷ್ಟು ಓದಿದರೂ ಅದು ಗೊತ್ತಾಗುವಂತಿರಲಿಲ್ಲ. ಪ್ರೋಟೀನ್ ವಿಶ್ಲೇಷಿಸುವ ನಮ್ಮಂಥವರ ಕೆಲಸ ಶುರುವಾಗುವುದೇ ಇಲ್ಲಿ.

ಪ್ರೋಟೀನ್ ವಿಶ್ಲೇಷಣೆ ಎಂದರೆ ಎಲ್ಲರೂ ದುಬಾರಿ ಯಂತ್ರದ ಮಾತಾಡುತ್ತಾರೆ. ಫಲಿತಾಂಶದ ಹಣೆಬರಹ ಯಂತ್ರದ ಹತ್ತಿರ ಹೋಗುವ ಮುನ್ನವೇ ತೀರ್ಮಾನವಾಗಿರುತ್ತದೆ ಎನ್ನುವವನು ನಾನು. ಸೋಂಕಿತ ರಕ್ತಕಣವನ್ನು ಹಾಗೆಯೇ ಕೊಟ್ಟರೆ ಹಿಮೋಗ್ಲೋಬಿನ್ನಿನ ಅಬ್ಬರದಲ್ಲಿ ಪರಾವಲಂಬಿಯ ಸುಳಿವೇ ಸಿಗದು. ಅದಕ್ಕೇ ಸಪೋನಿನ್ ಹಾಕಿ ರಕ್ತಕಣದ ಪೊರೆಯನ್ನು ಒಡೆಯುತ್ತೇವೆ. ಒಳಗಿನ ಪರಾವಲಂಬಿ ಇಡಿಯಾಗಿ ಉಳಿಯುತ್ತದೆ. ಅದನ್ನು ಚೆನ್ನಾಗಿ ತೊಳೆದು, ಪ್ರೋಟೀನ್ ಬೇರ್ಪಡಿಸಿ, ಟ್ರಿಪ್ಸಿನ್ ಎಂಬ ಕಿಣ್ವದಿಂದ ತುಂಡರಿಸುತ್ತೇವೆ. ಟ್ರಿಪ್ಸಿನ್ ಕತ್ತರಿಸುವುದು ಲೈಸಿನ್ ಮತ್ತು ಆರ್ಜಿನಿನ್ ಎಂಬ ಅಮೈನೋ ಆಮ್ಲಗಳು ಬಂದ ಕಡೆ. ಹಾಗಾಗಿ ಯಾವ ಪ್ರೋಟೀನಿನಿಂದ ಎಷ್ಟು ತೂಕದ ತುಂಡುಗಳು ಬರಬೇಕೆಂದು ಮೊದಲೇ ಲೆಕ್ಕ ಹಾಕಿ, ತೂಕ ಅಳೆಯುವ ಯಂತ್ರವಾದ ಮಾಸ್ ಸ್ಪೆಕ್ಟ್ರೋಮೀಟರ್ ಅಳೆದದ್ದನ್ನು ಅದರೊಂದಿಗೆ ತಾಳೆ ನೋಡಬಹುದು. (ಕೈಗವಸು ಹಾಕಿದ್ದರೂ ಪಟ್ಟಿಯಲ್ಲಿ ನಮ್ಮದೇ ಚರ್ಮದ ಕೆರಾಟಿನ್ ಇಣುಕುವುದು ಈ ವೃತ್ತಿಯ ನಿತ್ಯದ ಕಿರಿಕಿರಿ.)

ಕೆಲ್ಚ್13ರ ಗುಟ್ಟು ಬಯಲಾದದ್ದು ಅದರ ಅಕ್ಕಪಕ್ಕದವರಿಂದ. ಹತ್ತಿರ ಬಂದ ಪ್ರೋಟೀನ್‌ಗಳಿಗೆಲ್ಲ ಬಯೋಟಿನ್ ಗುರುತು ಹಚ್ಚುವ ಕಿಣ್ವವೊಂದನ್ನು ಕೆಲ್ಚ್13ರ ಬಳಿ ಇರಿಸಿ, ಗುರುತು ಬಿದ್ದವುಗಳನ್ನು ಹೆಕ್ಕಿ ವಿಶ್ಲೇಷಿಸಲಾಯಿತು. 2020ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ರಕ್ತಕಣದ ಹಿಮೋಗ್ಲೋಬಿನ್ನನ್ನು ಒಳಗೆ ಎಳೆದುಕೊಳ್ಳುವ ವ್ಯವಸ್ಥೆಗೆ ಸೇರಿದ ಪ್ರೋಟೀನ್‌ಗಳು ಸಿಕ್ಕವು. ಅಂದರೆ ಇದು ಪರಾವಲಂಬಿಯ ಊಟದ ದಾರಿ. ಹಿಮೋಗ್ಲೋಬಿನ್ ಜೀರ್ಣವಾದಾಗ ಬಿಡುಗಡೆಯಾಗುವ ಹೀಮ್ ಎಂಬ ಕಬ್ಬಿಣಯುಕ್ತ ಭಾಗ ಇಲ್ಲದೆ ಆರ್ಟೆಮಿಸಿನಿನ್ ಚುರುಕಾಗುವುದಿಲ್ಲ. ರೂಪಾಂತರಗೊಂಡ ಪರಾವಲಂಬಿ ಎಳೆಯ ಉಂಗುರದ ಹಂತದಲ್ಲಿ ಕಡಿಮೆ ತಿನ್ನುತ್ತದೆ, ಔಷಧ ಮಂಕಾಗುತ್ತದೆ.

ಚುರುಕಾದ ಆರ್ಟೆಮಿಸಿನಿನ್ ನೂರಕ್ಕೂ ಹೆಚ್ಚು ಪ್ರೋಟೀನ್‌ಗಳಿಗೆ ಅಂಟಿಕೊಳ್ಳುತ್ತದೆ. ಅಂಟಿದ್ದೆಲ್ಲ ಔಷಧದ ಗುರಿಯೆಂದು ಬರೆದುಬಿಡುವ ಪ್ರಬಂಧಗಳ ಬಗ್ಗೆ ನನಗೆ ಅನುಮಾನವಿದೆ. ಕೆಲ್ಚ್13ರ ವಿಷಯದಲ್ಲಿ ಹಾಗಾಗಲಿಲ್ಲ. ಸಿಕ್ಕ ಪ್ರೋಟೀನ್‌ಗಳಲ್ಲಿ ಕೆಲವನ್ನು ನಿಷ್ಕ್ರಿಯಗೊಳಿಸಿ, ಹಿಮೋಗ್ಲೋಬಿನ್ ಸೇವನೆ ಕುಗ್ಗುತ್ತದೆಯೇ ಎಂದು ನೋಡಲಾಗಿತ್ತು.

ಆರ್ಟೆಮಿಸಿನಿನ್ ಔಷಧಗಳು ರಕ್ತದಲ್ಲಿ ಉಳಿಯುವುದು ಕೆಲವೇ ಗಂಟೆ. ಅಷ್ಟು ಹೊತ್ತು ಅರೆಹೊಟ್ಟೆಯಲ್ಲಿ ಕಳೆದ ಪರಾವಲಂಬಿ ಮತ್ತೆ ಬೆಳೆಯತೊಡಗುತ್ತದೆ. ಆಗ ಅದನ್ನು ಹಿಡಿಯಬೇಕಾದುದು ಆರ್ಟೆಮಿಸಿನಿನ್ ಜೊತೆಗೇ ಕೊಡುವ, ದೇಹದಲ್ಲಿ ದಿನಗಟ್ಟಲೆ ಉಳಿಯುವ ಇನ್ನೊಂದು ಔಷಧ. ಅದಕ್ಕೂ ನಿರೋಧ ಬೆಳೆದ ಕಡೆ ಚಿಕಿತ್ಸೆ ಸೋಲುತ್ತದೆ. ಎರಡರ ಜೊತೆ ಮೂರನೆಯ ಔಷಧವನ್ನೂ ಸೇರಿಸಿ ನೋಡುವ ಪ್ರಯೋಗಗಳು ನಡೆದಿರುವುದು ಈ ಕಾರಣಕ್ಕೆ.