ಯಾವ ಕಡತ ಯಾವ ಡ್ರೈವ್‌ಗೆ?

ಒಂದು ಎಸ್‌ಎಸ್‌ಡಿ (ಚಿಪ್‌ಗಳಲ್ಲಿ ಮಾಹಿತಿ ಉಳಿಸುವ ವೇಗದ ಡ್ರೈವ್), ಒಂದು ಹಾರ್ಡ್ ಡಿಸ್ಕ್ ಇರುವ ಕಂಪ್ಯೂಟರಿನಲ್ಲಿ ಯಾವುದನ್ನು ಎಲ್ಲಿಡಬೇಕೆಂದು ಕೇಳಿದರೆ, ಹೆಚ್ಚಿನವರು ಕಡತದ ಗಾತ್ರವನ್ನೋ ಮಹತ್ವವನ್ನೋ ನೋಡಿ ಉತ್ತರಿಸುತ್ತಾರೆ. ನಿಜವಾಗಿ ಗಮನಿಸಬೇಕಾದದ್ದು ಕಂಪ್ಯೂಟರ್ ಆ ಕಡತವನ್ನು ಓದುವ ಬಗೆಯನ್ನು.

ಹಾರ್ಡ್ ಡಿಸ್ಕಿನೊಳಗೆ ಕಾಂತೀಯ ಲೇಪನವುಳ್ಳ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 7,200 ಬಾರಿ ಸುತ್ತುತ್ತವೆ. ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್ ಹಿಡಿಯುವುದರಿಂದ, ಬೇಕಾದ ಜಾಗ ಓದುವ ಹೆಡ್‌ನ ಅಡಿಗೆ ಬರಲು ಸರಾಸರಿ ಅರ್ಧ ಸುತ್ತಿನಷ್ಟು ಕಾಯಬೇಕು. ಅದಕ್ಕೂ ಮೊದಲು ಹೆಡ್ಡನ್ನು ಹೊತ್ತ ತೋಳು ಸರಿಯಾದ ಪಥಕ್ಕೆ ಸರಿಯಬೇಕು. ಎರಡೂ ಸೇರಿ ಒಂದು ಹುಡುಕಾಟಕ್ಕೆ ಹತ್ತಿರ ಹತ್ತಿರ 12 ಮಿಲಿಸೆಕೆಂಡ್. 1956ರಲ್ಲಿ ಐಬಿಎಂ ಹೊರತಂದ ಮೊದಲ ಡಿಸ್ಕ್ ಘಟಕ, 24 ಅಂಗುಲದ 50 ತಟ್ಟೆಗಳನ್ನು ಹೊತ್ತು, ಇದೇ ಕೆಲಸಕ್ಕೆ ಸರಾಸರಿ 600 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಅಂದಿನಿಂದ ಇಂದಿಗೆ ಧಾರಣಶಕ್ತಿ ಲಕ್ಷಾಂತರ ಪಟ್ಟು ಬೆಳೆದಿದ್ದರೂ ಹುಡುಕಾಟದ ವೇಗ ಹೆಚ್ಚಿದ್ದು ಐವತ್ತು ಪಟ್ಟಿನಷ್ಟೇ, ಏಕೆಂದರೆ ಲೋಹದ ತೋಳಿಗೆ ತೂಕವಿದೆ, ಜಡತ್ವವಿದೆ.

ಎಸ್‌ಎಸ್‌ಡಿಯಲ್ಲಿ ಅಲುಗಾಡುವ ಭಾಗವೇ ಇಲ್ಲ. ಅದರ ಹುಡುಕಾಟ ಸುಮಾರು 0.1 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಒಂದು ತಂತ್ರಾಂಶ ತೆರೆದುಕೊಳ್ಳುವಾಗ ಅಲ್ಲೊಂದು ಇಲ್ಲೊಂದು ಚದುರಿದ 2,000 ತುಣುಕುಗಳನ್ನು ಓದಬೇಕೆಂದುಕೊಳ್ಳಿ: ಹಾರ್ಡ್ ಡಿಸ್ಕಿಗೆ 24 ಸೆಕೆಂಡ್ ಬೇಕಾದರೆ ಎಸ್‌ಎಸ್‌ಡಿಗೆ 0.2 ಸೆಕೆಂಡ್ ಸಾಕು. ಎರಡು ಗಂಟೆಯ, 4 ಜಿಬಿಯ ಚಲನಚಿತ್ರದ ಕಥೆಯೇ ಬೇರೆ. ಅದನ್ನು ಕಾದಂಬರಿಯಂತೆ ಸಾಲಾಗಿ ಓದಿದರಾಯಿತು, ನಿಘಂಟಿನಂತೆ ಪುಟ ತಡಕಾಡಬೇಕಿಲ್ಲ, ಸೆಕೆಂಡಿಗೆ 0.6 ಎಂಬಿ ಸಿಕ್ಕರೆ ಸಾಕು, ಹಾರ್ಡ್ ಡಿಸ್ಕ್ 150 ಎಂಬಿ ಕೊಡಬಲ್ಲದು. ಹಾಗಾಗಿ ಆಪರೇಟಿಂಗ್ ಸಿಸ್ಟಮ್ ಮತ್ತು ತಂತ್ರಾಂಶಗಳು ಎಸ್‌ಎಸ್‌ಡಿಯಲ್ಲಿರಲಿ. ಚಲನಚಿತ್ರ, ಹಾಡು, ಹಳೆಯ ಛಾಯಾಚಿತ್ರಗಳು ಹಾರ್ಡ್ ಡಿಸ್ಕಿಗೆ ಹೋಗಲಿ.

ವಿಂಡೋಸ್‌ನಲ್ಲಿ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳನ್ನು ಅವುಗಳ ಪ್ರಾಪರ್ಟೀಸ್‌ನಲ್ಲಿರುವ ಲೊಕೇಶನ್ ಪುಟದಿಂದಲೇ ಇನ್ನೊಂದು ಡ್ರೈವ್‌ಗೆ ಸ್ಥಳಾಂತರಿಸಬಹುದು. ಇನ್‌ಸ್ಟಾಲ್ ಆದ ತಂತ್ರಾಂಶದ ಫೋಲ್ಡರನ್ನು ಮಾತ್ರ ಎಳೆದು ಹಾಕಬಾರದು: ಅದರ ವಿಳಾಸ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲೂ ಶಾರ್ಟ್‌ಕಟ್‌ಗಳಲ್ಲೂ ದಾಖಲಾಗಿರುತ್ತದೆ, ಅವು ಹಳೆಯ ಜಾಗವನ್ನೇ ಹುಡುಕುತ್ತವೆ. ತೆಗೆದುಹಾಕಿ ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ಸುರಕ್ಷಿತ. ಇನ್ನು ಒಂದೇ ಡಿಸ್ಕನ್ನು ಸಿ, ಡಿ ಎಂದು ಭಾಗ ಮಾಡಿ, ಸಿಯಲ್ಲಿರುವುದರ ಪ್ರತಿಯನ್ನು ಡಿಯಲ್ಲಿಟ್ಟು ಬ್ಯಾಕಪ್ ಆಯಿತೆಂದು ನೆಮ್ಮದಿಯಾಗಿರುವವರೂ ಉಂಟು. ಆ ಡಿಸ್ಕ್ ಕೆಟ್ಟ ದಿನ ಎರಡು ಅಕ್ಷರಗಳೂ ಒಟ್ಟಿಗೇ ಮಾಯವಾಗುತ್ತವೆ.

ನನ್ನ ಸಹನೆ ಮೀರಿಸುವುದು ಮತ್ತೊಂದು ನಂಬಿಕೆ. ಎಸ್‌ಎಸ್‌ಡಿ ಸವೆಯುತ್ತದೆಂದು ಹೆದರಿ, ಪೇಜ್ ಫೈಲನ್ನೂ (ಮೆಮೊರಿ ಸಾಲದಾದಾಗ ವಿಂಡೋಸ್ ಬಳಸುವ ಕಡತ) ದಿನನಿತ್ಯದ ತಂತ್ರಾಂಶಗಳನ್ನೂ ಹಾರ್ಡ್ ಡಿಸ್ಕಿಗೆ ತಳ್ಳಿ, ವೇಗದ ಡ್ರೈವನ್ನು ಖಾಲಿ ಕೂರಿಸುವವರಿದ್ದಾರೆ. ಎಸ್‌ಎಸ್‌ಡಿಯಲ್ಲಿ ಮಾಹಿತಿಯನ್ನು ಹಿಡಿದಿಡುವ ಫ್ಲ್ಯಾಶ್ ಕೋಶಗಳು ಸವೆಯುವುದು ನಿಜ, ಆದರೆ ಅದಕ್ಕೆ ಕಾರಣ ಓದಲ್ಲ, ಅಳಿಸಿ ಬರೆಯುವುದು. ಡ್ರೈವ್‌ನ ಕಂಟ್ರೋಲರ್ ಆ ಬರವಣಿಗೆಯನ್ನು ಎಲ್ಲ ಕೋಶಗಳಿಗೂ ಹಂಚುತ್ತದೆ. 300 ಟಿಬಿ ಬರವಣಿಗೆ ತಾಳುವುದೆಂದು ತಯಾರಕರು ಭರವಸೆ ಕೊಟ್ಟ 500 ಜಿಬಿ ಡ್ರೈವ್‌ಗೆ ದಿನಕ್ಕೆ 40 ಜಿಬಿಯಂತೆ ಬರೆದರೂ ಆ ಮಿತಿ ಮುಟ್ಟಲು ಇಪ್ಪತ್ತು ವರ್ಷ ಬೇಕು.