ಹದಿನೇಳರ ಹುಡುಗನಿಗೆ ಯಾವ ವಾರ್ಡು?

ಗಂಗಾವತಿಯಲ್ಲಿ ನಮ್ಮ ಅಕ್ಕನ ಮನೆ ಗೋಡೆ ಮೇಲೆ ಒಂದು ಕ್ಯಾಲೆಂಡರ್ ಇದೆ. ಗೊಬ್ಬರದ ಅಂಗಡಿಯವರು ಕೊಟ್ಟದ್ದು. ಒಂದೊಂದು ದಿನದ ಮನೆಯಲ್ಲೂ ನೀಲಿ ಪೆನ್ನಿನ ಒಂದು ಗೀಟು, ಶುಕ್ರವಾರ ಮಾತ್ರ ಎರಡು. ಗೀಟು ಅಂದರೆ ರಾತ್ರಿಯ ಸಿಕ್ಸ್ ಎಂಪಿ ಅನ್ನುವ ಕಿಮೋ ಗುಳಿಗೆ ನುಂಗಿದ ಲೆಕ್ಕ. ಶುಕ್ರವಾರದ ಎರಡನೇ ಗೀಟು ವಾರಕ್ಕೊಮ್ಮೆಯ ಇನ್ನೊಂದು ಗುಳಿಗೆ ಮೆಥೊಟ್ರೆಕ್ಸೇಟ್‌ದು. ಅಕ್ಕ ಹೆಚ್ಚು ಓದಿದವಳಲ್ಲ, ಆದರೆ ಮಗನ ಗುಳಿಗೆ ಲೆಕ್ಕ ಒಂದು ದಿನವೂ ತಪ್ಪಿಸಿಲ್ಲ. ಅವನಿಗೆ ರಕ್ತದ ಕ್ಯಾನ್ಸರ್ ಅಂತ ಗೊತ್ತಾದಾಗ ಹದಿನೇಳು ವರ್ಷ, ಸೆಕೆಂಡ್ ಪಿಯುಸಿ ಓದುತ್ತಿದ್ದ.

ಕಾಯಿಲೆಯ ಪೂರ್ತಿ ಹೆಸರು ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಎಲ್ಲರೂ ಎಎಲ್‌ಎಲ್ ಅನ್ನುತ್ತಾರೆ. ಇದು ಚಿಕ್ಕ ಮಕ್ಕಳಲ್ಲೇ ಜಾಸ್ತಿ. ಸೌಲಭ್ಯ ಇರುವ ದೇಶಗಳಲ್ಲಿ ಹತ್ತು ಮಕ್ಕಳಲ್ಲಿ ಒಂಬತ್ತರಷ್ಟು ಮಕ್ಕಳು ಬದುಕುತ್ತಾರೆ. ಹದಿನೈದು ದಾಟಿದವರಲ್ಲಿ ಆ ಲೆಕ್ಕ ಇಳಿಯುತ್ತದೆ. ವಯಸ್ಸು ಏರಿದಂತೆ ಕಾಯಿಲೆಯ ಸ್ವಭಾವವೂ ಸ್ವಲ್ಪ ಬದಲಾಗುತ್ತದೆ, ಅದು ನಿಜ. ಆದರೆ ಕಾರಣ ಅದೊಂದೇ ಅಂತ ವೈದ್ಯರೇ ಬಹಳ ವರ್ಷ ನಂಬಿಕೊಂಡಿದ್ದರು, ಅದು ತಪ್ಪಾಗಿತ್ತು.

ಕಥೆ ಶುರುವಾಗುವುದು 1948ರಲ್ಲಿ. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅಮಿನೊಪ್ಟೆರಿನ್ ಅನ್ನುವ ಔಷಧಿಯನ್ನು 16 ಮಕ್ಕಳಿಗೆ ಕೊಟ್ಟರು, 10 ಮಕ್ಕಳು ಚೇತರಿಸಿಕೊಂಡರು. ಕೆಲವೇ ತಿಂಗಳ ಮಟ್ಟಿಗೆ. ಆದರೂ ಅದಕ್ಕೆ ಮುಂಚೆ ಅಷ್ಟೂ ಆಗಿರಲಿಲ್ಲ. ಆ ಔಷಧಿ ತಯಾರಾದದ್ದು ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಉಸ್ತುವಾರಿಯಲ್ಲಿ. ನಮ್ಮ ಹುಡುಗನ ಶುಕ್ರವಾರದ ಗುಳಿಗೆ ಇದೆಯಲ್ಲ, ಅದು ಅದೇ ಔಷಧಿಯ ತಮ್ಮನಿದ್ದಂತೆ. ಆಮೇಲೆ ನಿತ್ಯಪುಷ್ಪದ ಗಿಡದಿಂದ ವಿನ್‌ಕ್ರಿಸ್ಟಿನ್ ಬಂತು. ನಮ್ಮ ಅಂಗಳದಲ್ಲಿ ನೀರು ಹಾಕದಿದ್ದರೂ ಬೆಳೆಯುತ್ತಲ್ಲ, ಅದೇ ಗಿಡ. 1962ರಲ್ಲಿ ಮೆಂಫಿಸ್‌ನಲ್ಲಿ ಸೇಂಟ್ ಜೂಡ್ ಆಸ್ಪತ್ರೆ ಶುರುವಾಯಿತು. ಅಲ್ಲಿ ಡೊನಾಲ್ಡ್ ಪಿಂಕೆಲ್ ಹಲವು ಔಷಧಿಗಳನ್ನು ಒಟ್ಟಿಗೆ ಸೇರಿಸಿ, ಮಿದುಳಿಗೂ ಬೇರೆಯಾಗಿ ಚಿಕಿತ್ಸೆ ಕೊಟ್ಟು, ಎರಡು ಮೂರು ವರ್ಷ ಬಿಡದೆ ಮುಂದುವರಿಸಿದರು. 1970ರ ಹೊತ್ತಿಗೆ ಅರ್ಧದಷ್ಟು ಮಕ್ಕಳು ಬದುಕಿ ಉಳಿದರು.

ದಾರಿ ಎರಡಾದದ್ದು ಇದರ ನಂತರ. ಮಕ್ಕಳ ಡಾಕ್ಟರುಗಳು ವಿನ್‌ಕ್ರಿಸ್ಟಿನ್, ಸ್ಟೆರಾಯ್ಡ್, ಆಸ್ಪರಾಜಿನೇಸ್ ಈ ಮೂರು ಔಷಧಿಗಳನ್ನೂ ಜಾಸ್ತಿ ಜಾಸ್ತಿ ಕೊಡುತ್ತಾ ಹೋದರು. ದೊಡ್ಡವರ ಡಾಕ್ಟರುಗಳು ರಕ್ತಕಣಗಳನ್ನೇ ಬಲವಾಗಿ ಹೊಡೆಯುವ ಬೇರೆ ಕಿಮೋ ಕಡೆ, ಬೋನ್ ಮ್ಯಾರೋ ಕಸಿಯ ಕಡೆ ವಾಲಿದರು. ನಡುವೆ ಸಿಕ್ಕಿಕೊಂಡವರು ಮೀಸೆ ಚಿಗುರುವ ವಯಸ್ಸಿನವರು. ಅವರಿಗೆ ಯಾವ ಚಿಕಿತ್ಸೆ ಅನ್ನುವುದು ಯಾವ ಡಾಕ್ಟರ ಕೈಗೆ ಸಿಕ್ಕರು ಅನ್ನುವುದರ ಮೇಲೆ ನಿಂತಿತ್ತು.

2003ರಲ್ಲಿ ಫ್ರಾನ್ಸ್‌ನವರು 15ರಿಂದ 20 ವರ್ಷದವರ ಲೆಕ್ಕ ತೆಗೆದರು. ಮಕ್ಕಳ ಪದ್ಧತಿಯಲ್ಲಿ ಚಿಕಿತ್ಸೆ ಪಡೆದವರಲ್ಲಿ ಐದು ವರ್ಷದ ನಂತರವೂ ಕಾಯಿಲೆ ಮರಳದೆ ಬದುಕಿದ್ದವರು ಶೇ 67, ದೊಡ್ಡವರ ಪದ್ಧತಿಯಲ್ಲಿ ಶೇ 41. 2008ರಲ್ಲಿ ಅಮೆರಿಕದ ಲೆಕ್ಕ ಬಂತು. 16ರಿಂದ 20 ವರ್ಷದ 321 ಮಂದಿ. ಇದನ್ನು ಮೊದಲು ಓದಿದಾಗ ನನಗೆ ನಿದ್ದೆ ಬರಲಿಲ್ಲ. ಮೊದಲ ಸುತ್ತಿನ ಕಿಮೋ ಮುಗಿದಾಗ ಎರಡೂ ಕಡೆ ಶೇ 90 ಮಂದಿಯ ರಕ್ತ ಸ್ವಚ್ಛವಾಗಿತ್ತು, ಏನೂ ವ್ಯತ್ಯಾಸ ಇರಲಿಲ್ಲ. ಏಳು ವರ್ಷದ ನಂತರ ನೋಡಿದರೆ ಮಕ್ಕಳ ಪದ್ಧತಿಯವರಲ್ಲಿ ಶೇ 63 ಮಂದಿ ಕಾಯಿಲೆ ಮರಳದೆ ಇದ್ದರು, ಇನ್ನೊಂದು ಕಡೆ ಬರೀ ಶೇ 34. ಅಂದರೆ ‘ಈಗ ಆರಾಮ ಆಗಿದೆ’ ಅನ್ನಿಸಿದ ಮೇಲೆ ಏನು ಕೊಟ್ಟರು, ಎಷ್ಟು ಕೊಟ್ಟರು, ಎಷ್ಟು ತಾರೀಖು ತಪ್ಪದೆ ಕೊಟ್ಟರು, ಅಲ್ಲೇ ಹಣೆಬರಹ ಬದಲಾಗಿತ್ತು.

ಮುಂದೆ ಅಮೆರಿಕದಲ್ಲಿ 17ರಿಂದ 39 ವರ್ಷದವರಿಗೂ ಮಕ್ಕಳ ಪದ್ಧತಿಯನ್ನೇ ಕೊಟ್ಟು ನೋಡಿದರು. 2019ರಲ್ಲಿ ಫಲಿತಾಂಶ ಬಂತು, ಮೂರು ವರ್ಷದ ನಂತರ ಶೇ 73 ಮಂದಿ ಬದುಕಿದ್ದರು. ವಯಸ್ಸು ಏರಿದಷ್ಟೂ ಆಸ್ಪರಾಜಿನೇಸ್ ಲಿವರಿಗೆ ತೊಂದರೆ ಕೊಡುತ್ತದೆ, ಹಾಗಾಗಿ ನೋಡಿಕೊಂಡು ಕೊಡಬೇಕು. ಆದರೆ ದಾರಿ ಯಾವುದು ಅನ್ನುವುದು ಸ್ಪಷ್ಟವಾಯಿತು.

ಭಾರತದಲ್ಲಿ 1980ರ ದಶಕದಲ್ಲಿ ಮುಂಬೈ, ಚೆನ್ನೈ, ದೆಹಲಿಯ ದೊಡ್ಡ ಆಸ್ಪತ್ರೆಗಳು ಎಂಸಿಪಿ 841 ಅನ್ನುವ ಒಂದೇ ಪದ್ಧತಿ ಹಿಡಿದ ಮೇಲೆ ಮಕ್ಕಳು ಬದುಕುವುದು ಜಾಸ್ತಿಯಾಯಿತು. ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ 1973ರಿಂದಲೇ ಇದೆ. ಆದರೆ ನಮ್ಮ ಕಡೆಯವರಿಗೆ ದುಡ್ಡಿನ ಬಾಗಿಲು ತೆರೆದದ್ದು 2010ರಲ್ಲಿ. ಸರ್ಕಾರದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಶುರುವಾದದ್ದೇ ಕಲಬುರಗಿ ವಿಭಾಗದಲ್ಲಿ. ಬಿಪಿಎಲ್ ಕಾರ್ಡು ಇದ್ದವರಿಗೆ ಕ್ಯಾನ್ಸರ್ ಚಿಕಿತ್ಸೆ ಅದರಲ್ಲಿ ಸೇರಿತ್ತು. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಬಂತು, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಇದು ಸಣ್ಣ ವಿಷಯ ಅಲ್ಲ. ಹೊಲ ಮಾರದೆ ಕಿಮೋ ಸಿಗುತ್ತದೆ ಅನ್ನುವುದೇ ನಮ್ಮ ಅಪ್ಪಂದಿರ ಕಾಲದಲ್ಲಿ ಕನಸಾಗಿತ್ತು.

ಆದರೆ ಕಾರ್ಡು ಶುರುವಾಗುವುದು ಕಾಯಿಲೆ ಗೊತ್ತಾದ ಮೇಲೆ. ನಮ್ಮ ಹುಡುಗನಿಗೆ ಮೂರು ವಾರ ಟೈಫಾಯ್ಡ್ ಅಂತಲೇ ಸಲೈನ್ ಹಚ್ಚಿದರು. ಕಾಲು ನೋವು ಅಂದದ್ದಕ್ಕೆ ಒಂದು ಇಂಜೆಕ್ಷನ್ ಕೊಟ್ಟರು, ಎರಡು ದಿನ ಎದ್ದು ಓಡಾಡಿದ. ನಾವು ಖುಷಿಪಟ್ಟೆವು. ಅದು ಸ್ಟೆರಾಯ್ಡ್ ಅಂತ ಆಮೇಲೆ ಗೊತ್ತಾಯಿತು. ಸ್ಟೆರಾಯ್ಡ್ ಎಎಲ್‌ಎಲ್‌ಗೂ ಔಷಧಿಯೇ, ಹಾಗಾಗಿ ಕಾಯಿಲೆ ಸ್ವಲ್ಪ ದಿನ ಅಡಗಿ ಕೂರುತ್ತದೆ, ಪರೀಕ್ಷೆಯಲ್ಲೂ ಸರಿಯಾಗಿ ಕಾಣದೆ ಹೋಗಬಹುದು. ಹರೆಯದವರಿಗೆ ವಾರಗಟ್ಟಲೆ ಜ್ವರ, ಸುಸ್ತು, ಮೂಳೆ ನೋವು, ಒಸಡಿನಲ್ಲಿ ರಕ್ತ, ಕುತ್ತಿಗೆಯಲ್ಲಿ ಗಡ್ಡೆ ಇದ್ದರೆ ಸ್ಟೆರಾಯ್ಡ್‌ಗೆ ಮುಂಚೆ ಸಿಬಿಸಿ, ಅಂದರೆ ರಕ್ತಕಣ ಎಣಿಸುವ ಪರೀಕ್ಷೆ, ಮಾಡಿಸಿ, ಜೊತೆಗೆ ಸ್ಮಿಯರ್ ಕೇಳಿ. ಗಾಜಿನ ಮೇಲೆ ಒಂದು ಹನಿ ರಕ್ತ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡುವುದು, ಅಷ್ಟೇ. ನಮಗೂ ಅದರಲ್ಲೇ ಗೊತ್ತಾಯಿತು.

ಬೆಂಗಳೂರಿನಲ್ಲಿ ಡಾಕ್ಟರು ಅಕ್ಕನಿಗೆ, “ಅಮ್ಮಾ, ಇವನಿಗೆ ಮಕ್ಕಳ ಕೋರ್ಸೇ ಕೊಡ್ತೀವಿ, ಸ್ವಲ್ಪ ಗಟ್ಟಿ ಇರುತ್ತೆ, ಬಿಟ್ಟು ಹೋಗಬಾರದು” ಅಂದರು. ಬಿಟ್ಟು ಹೋಗದೆ ಇರುವುದೇ ನಮ್ಮ ಜಿಲ್ಲೆಗಳಲ್ಲಿ ಕಷ್ಟ. ಹೊಸಪೇಟೆಗೆ ಹೋಗಿ ಹಂಪಿ ಎಕ್ಸ್‌ಪ್ರೆಸ್ ಹಿಡಿದರೆ ಒಂದು ರಾತ್ರಿ. ರಾಯಚೂರಿನ ಎಷ್ಟೋ ಜನ ಹೈದರಾಬಾದಿಗೇ ಹೋಗುತ್ತಾರೆ. ಜೊತೆಗೆ ಬಂದವರ ಕೂಲಿ, ರೂಮಿನ ಬಾಡಿಗೆ ಕೈಯಿಂದಲೇ. ಕಿಮೋ ನಡುವೆ ಹಾಕಬೇಕಾಗುವ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಐದು ದಿನಕ್ಕಿಂತ ಹೆಚ್ಚು ಇಡಲು ಬರುವುದಿಲ್ಲ, ಪ್ರತಿ ಸಲ ಹೊಸ ದಾನಿ ಬೇಕು, ಪರ ಊರಿನಲ್ಲಿ ಯಾರನ್ನು ಕೇಳುವುದು?

ಹರೆಯದ್ದೇ ಬೇರೆ ಕಷ್ಟಗಳೂ ಇವೆ. ಐದು ವರ್ಷದ ಮಗುವಿಗೆ ಅವ್ವ ಬಾಯಿ ತೆರೆಸಿ ಗುಳಿಗೆ ಹಾಕುತ್ತಾಳೆ. ಇಪ್ಪತ್ತರವನು ಬಳ್ಳಾರಿಯ ಜೀನ್ಸ್ ಹೊಲಿಯುವ ಕಡೆಯೋ ತೋರಣಗಲ್ಲಿನ ಕಡೆಯೋ ದುಡಿಯುವವನು, ಕೂದಲು ಮತ್ತೆ ಬಂದ ಕೂಡಲೇ ಕೆಲಸಕ್ಕೆ ಹೊರಡುತ್ತಾನೆ. ಹೆಣ್ಣುಮಕ್ಕಳ ಮನೆಯಲ್ಲಿ ಮದುವೆಯ ಚಿಂತೆಗೆ ಕಾಯಿಲೆಯನ್ನೇ ಮುಚ್ಚಿಡುತ್ತಾರೆ. ಕಿಮೋದಿಂದ ಮುಂದೆ ಮಕ್ಕಳಾಗಲು ತೊಂದರೆ ಆಗಬಹುದು, ಹುಡುಗರಾದರೆ ಶುರುವಿಗೆ ಮುಂಚೆ ವೀರ್ಯ ತೆಗೆದಿಡಲು ಬರುತ್ತದೆ. ನಮಗೆ ಇದನ್ನು ಯಾರೂ ಹೇಳಲಿಲ್ಲ, ಕೇಳಲು ನಾಚಿಕೆಯಾಗಿ ನಾವೂ ಕೇಳಲಿಲ್ಲ. ಆ ನೋವು ನನಗೆ ಇನ್ನೂ ಇದೆ.

ಹೋದ ಯುಗಾದಿಗೆ ಹುಡುಗ ನನ್ನನ್ನೇ ಕೇಳಿದ, “ಮಾಮಾ, ಆರಾಮ ಅದೀನಲ್ಲ, ಇನ್ನೂ ಯಾಕ ಈ ಗುಳಿಗಿ?” ನಾನು ಅವನಿಗೆ ಆ ಶೇ 63 ಮತ್ತು 34ರ ಲೆಕ್ಕ ಹೇಳಿದೆ. ದಿನದ ಗುಳಿಗೆಯನ್ನು ನೂರಕ್ಕೆ ಐದು ಸಲಕ್ಕಿಂತ ಜಾಸ್ತಿ ತಪ್ಪಿಸಿದ ಮಕ್ಕಳಲ್ಲಿ ಕಾಯಿಲೆ ಮರಳುವುದು ಹೆಚ್ಚು ಅಂತ 2012ರಲ್ಲಿ ಅಮೆರಿಕದಲ್ಲಿ ಕಂಡದ್ದನ್ನೂ ಹೇಳಿದೆ. ಅವನು ಎದ್ದು ಹೋಗಿ ಕ್ಯಾಲೆಂಡರಿನ ಗೀಟು ಎಣಿಸಿದ.

ಈಗ ಅವನ ತಿಂಗಳ ಸಿಬಿಸಿ ಇಲ್ಲೇ ಆಗುತ್ತದೆ. ರಿಪೋರ್ಟಿನ ಫೋಟೋ ಬೆಂಗಳೂರಿಗೆ ಕಳಿಸುತ್ತೇವೆ, ಅಲ್ಲಿಂದ ಫೋನಿನಲ್ಲೇ ಡೋಸ್ ಹೇಳುತ್ತಾರೆ, ಮೂರು ತಿಂಗಳಿಗೊಮ್ಮೆ ಹೋಗಿ ತೋರಿಸಿದರೆ ಸಾಕು. ಒಬ್ಬ ಡಾಕ್ಟರು ಮನಸ್ಸು ಮಾಡಿದ್ದಕ್ಕೆ ನಮಗೆ ಇದು ಸಿಕ್ಕಿತು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಇವೆ. ಈ ಗುಳಿಗೆ ಹಂತವನ್ನು ಅಲ್ಲೇ ನೋಡಿಕೊಳ್ಳುವ ಹಾಗೆ ಬೆಂಗಳೂರಿನ ಜೊತೆ ಒಂದು ವ್ಯವಸ್ಥೆ ಮಾಡಿದರೆ ನಮ್ಮಂಥ ಎಲ್ಲ ಮನೆಗಳಿಗೂ ಸಿಗುತ್ತದೆ. ಅವನ ಕೋರ್ಸು ಮುಗಿಯಲು ಇನ್ನು ಹನ್ನೊಂದು ತಿಂಗಳಿದೆ.