ಪರಿಹಾರ ಬಂತು, ಪಗಾರ ನಿಂತಿತು

ನಮ್ಮ ದೊಡ್ಡಪ್ಪನ ಮಗನ ಮನೆಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಇದೆ. ಅಡುಗೆಮನೆ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದಾನೆ. ಮಳೆಗಾಲದಲ್ಲಿ ಗೋಡೆ ತೇವ ಆದರೂ ಕಾಗದ ಒದ್ದೆ ಆಗಬಾರದು ಅಂತ. ಒಳಗೆ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್, ಮಾಸಾಶನ ಮಂಜೂರಾದ ಆದೇಶದ ಜೆರಾಕ್ಸ್, ರೇಷನ್ ಕಾರ್ಡ್, ಮೂರು ಪಾಸ್‌ಬುಕ್, ವಕೀಲರು ಕೊಟ್ಟ ತೀರ್ಪಿನ ಪ್ರತಿ. ಕಾರವಾರದ ಹತ್ತಿರ ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟ ನಿರಾಶ್ರಿತರ ಕಾಲನಿಯ ಯಾವ ಮನೆಗೆ ಹೋದರೂ ಇಂಥದ್ದೊಂದು ಚೀಲ ಸಿಗುತ್ತದೆ.

ಅಣ್ಣನಿಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಎಡಗಾಲು ಸಣ್ಣಗಾಗಿದೆ. ಕೂತಲ್ಲೇ ಬಲೆ ರಿಪೇರಿ ಮಾಡುತ್ತಾನೆ. ಅಂಗವಿಕಲರ ಮಾಸಾಶನ ತಿಂಗಳಿಗೆ 800 ರೂಪಾಯಿ. ಅವನು ಅದನ್ನು ‘ಪಗಾರ’ ಅನ್ನುತ್ತಾನೆ. ಎರಡು ವರ್ಷದ ಹಿಂದೆ ಅಪ್ಪನ ಜಮೀನಿನ ಹೆಚ್ಚುವರಿ ಪರಿಹಾರದಲ್ಲಿ ಅವನ ಪಾಲು ಬಂತು: 5 ಲಕ್ಷ 60 ಸಾವಿರ. ಊರಿನವರೆಲ್ಲ ‘ಚಲೋ ಆಯ್ತು’ ಅಂದರು. ಕೆಲವೇ ತಿಂಗಳಲ್ಲಿ ಪಗಾರ ನಿಂತಿತು.

ಯಾಕೆ ನಿಂತಿತು ಅಂತ ಕೇಳಲು ಅವನ ಜೊತೆ ನಾನೂ ಓಡಾಡಿದೆ. ಉತ್ತರ ಸಿಕ್ಕಿದ್ದು ಒಂದೇ ಕಡೆ ಅಲ್ಲ. ಎರಡು ಬೇರೆ ಬೇರೆ ಕಥೆಗಳು ಒಂದೇ ಪಾಸ್‌ಬುಕ್ಕಿನಲ್ಲಿ ಬಂದು ಸೇರಿದ್ದವು. ಒಂದು ಭೂಸ್ವಾಧೀನದ್ದು, ಇನ್ನೊಂದು ಮಾಸಾಶನದ್ದು.

ಮೊದಲು ಭೂಮಿಯ ಕಥೆ. 1986ರ ಅಕ್ಟೋಬರ್‌ನಲ್ಲಿ ಪ್ರಧಾನಿ ರಾಜೀವ್ ಗಾಂಧಿ ಅರಗಾದಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಕಾರವಾರ ಮತ್ತು ಅಂಕೋಲಾ ತಾಲೂಕಿನ 13 ಹಳ್ಳಿಗಳ ಹನ್ನೊಂದು ಸಾವಿರ ಎಕರೆಗಿಂತ ಜಾಸ್ತಿ ಜಾಗ ಹೋಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದು ಬರಬೇಕಾಯಿತು. ಇದರಲ್ಲೊಂದು ಕಹಿ ಇದೆ. ದೇವರಾಜ ಅರಸರ ಕಾಲದ 1974ರ ಭೂಸುಧಾರಣೆಯಲ್ಲಿ ಗೇಣಿ ಮಾಡುತ್ತಿದ್ದವರು ಮೊದಲ ಸಲ ತಮ್ಮ ಹೆಸರಿಗೆ ಪಹಣಿ ಕಂಡಿದ್ದರು. ಅಂಥ ಕೆಲವರಿಗೆ ಆ ಪಹಣಿಯ ಸುಖ ಹನ್ನೆರಡು ವರ್ಷ ಮಾತ್ರ.

ಆಗ ನಡೆಯುತ್ತಿದ್ದದ್ದು 1894ರ ಭೂಸ್ವಾಧೀನ ಕಾಯ್ದೆ. ಬ್ರಿಟಿಷರ ಕಾಲದ್ದು. ಅಧಿಕಾರಿ ಒಂದು ದರ ಕಟ್ಟುತ್ತಾರೆ. ಒಪ್ಪದವರು ಹಣವನ್ನು ತಕರಾರಿನ ಜೊತೆ ತೆಗೆದುಕೊಂಡು, 18ನೇ ಕಲಂ ಪ್ರಕಾರ ಸಿವಿಲ್ ಕೋರ್ಟಿಗೆ ಹೋಗಬಹುದು. ಕೋರ್ಟ್ ದರ ಏರಿಸಿದರೆ ಪಕ್ಕದ ಜಮೀನಿನವರೂ ಅದೇ ದರ ಕೇಳಬಹುದು. ಕೋರ್ಟಿಗೆ ಹೋಗಲು ಆಗದ ಬಡವರಿಗೆ ಅಂತಲೇ 1984ರಲ್ಲಿ ಸೇರಿಸಿದ ಕಲಂ ಅದು, 28ಎ. ನಮ್ಮ ಕಡೆ ಕಾನೂನು ಓದದ ಅಜ್ಜಿಯಂದಿರಿಗೂ ‘ಟ್ವೆಂಟಿಯೇಟ್ ಎ’ ಅಂದರೆ ಗೊತ್ತು. ಫೈಲುಗಳು ಕೋರ್ಟಿನಿಂದ ಕೋರ್ಟಿಗೆ ಹೋದವು. ನೌಕಾನೆಲೆಯೇ 2005ರ ಮೇ ತಿಂಗಳಲ್ಲಿ ಐಎನ್‌ಎಸ್ ಕದಂಬ ಅಂತ ಉದ್ಘಾಟನೆ ಆಯಿತು. ಜಮೀನು ಕೊಟ್ಟವರ ಪ್ರಕರಣಗಳು ಅದಾದ ಮೇಲೂ ನಡೆದವು.

ಹಾಗಾಗಿ ದುಡ್ಡು ಬಂದದ್ದು ಗುಡ್ಡೆಯಾಗಿ. ಆ ಗುಡ್ಡೆಯಲ್ಲಿ ಏನಿರುತ್ತದೆ ಅಂತ ನೋಡಬೇಕು. ಕೋರ್ಟ್ ಏರಿಸಿದ ಮೊತ್ತಕ್ಕೆ ಹಳೆ ಕಾಯ್ದೆಯಲ್ಲಿ ಮೊದಲ ವರ್ಷ ಶೇ 9, ಆಮೇಲೆ ವರ್ಷಕ್ಕೆ ಶೇ 15 ಬಡ್ಡಿ. ಒಂದು ಲಕ್ಷ ಹೆಚ್ಚಾಯಿತು, ಕೈಗೆ ಬರಲು 25 ವರ್ಷ ಹಿಡಿಯಿತು ಅಂದುಕೊಳ್ಳಿ. ಬಡ್ಡಿಯೇ 3 ಲಕ್ಷ 69 ಸಾವಿರ. ಅಂದರೆ ಜನ ‘ಜಮೀನಿನ ದುಡ್ಡು’ ಅನ್ನುವುದರಲ್ಲಿ ಜಾಸ್ತಿ ಪಾಲು ಜಮೀನಿನದ್ದಲ್ಲ, ಕಾದದ್ದಕ್ಕೆ ಸಿಕ್ಕಿದ್ದು.

ತೆರಿಗೆಯವರ ಕಣ್ಣಿಗೆ ಬೀಳುವುದು ಇದೇ ಪಾಲು. ಕೃಷಿ ಜಮೀನಿನ ಪರಿಹಾರಕ್ಕೆ ತೆರಿಗೆ ಇಲ್ಲ. ಬಡ್ಡಿಗೆ ಇದೆ. ‘ಈ ಬಡ್ಡಿಯೂ ಪರಿಹಾರದ ಭಾಗವೇ’ ಅಂತ 2009ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಹೇಳಿತು. ಆದರೆ ಅದೇ ವರ್ಷ ತೆರಿಗೆ ಕಾನೂನಿಗೆ ತಿದ್ದುಪಡಿಯೂ ಬಂತು: ಇಂಥ ಬಡ್ಡಿ ಯಾವ ವರ್ಷ ಕೈಗೆ ಬರುತ್ತದೋ ಆ ವರ್ಷದ ಆದಾಯ, ಅದರಲ್ಲಿ ಅರ್ಧ ಬಿಟ್ಟು ಉಳಿದ ಅರ್ಧಕ್ಕೆ ತೆರಿಗೆ. ಕೋರ್ಟುಗಳಲ್ಲಿ ಇದರ ವಾದ ಆಮೇಲೂ ನಿಲ್ಲಲಿಲ್ಲ. ಪ್ಯಾನ್ ಇಲ್ಲದವರಿಗೆ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ, ಶೇ 20 ಕಡಿತ. ಅದನ್ನು ವಾಪಸ್ ಪಡೆಯಲು ರಿಟರ್ನ್ ಹಾಕಬೇಕು. ಬಲೆ ಹೆಣೆಯುವವನು, ಗದ್ದೆ ನಾಟಿಗೆ ಹೋಗುವವಳು ಐಟಿ ರಿಟರ್ನ್ ಹಾಕಿದ್ದು ಹೀಗೆ.

ಇನ್ನು ಮಾಸಾಶನ. ಸಂವಿಧಾನದ 41ನೇ ವಿಧಿಯಲ್ಲೇ ಮುಪ್ಪು, ಕಾಯಿಲೆ, ಅಂಗವೈಕಲ್ಯದ ಹೊತ್ತಿನಲ್ಲಿ ಸರ್ಕಾರದ ನೆರವು ಅನ್ನುವ ಮಾತಿದೆ. ಕೇಂದ್ರದ ಸಾಮಾಜಿಕ ನೆರವು ಕಾರ್ಯಕ್ರಮ ಶುರುವಾದದ್ದು 1995ರ ಆಗಸ್ಟ್ 15ಕ್ಕೆ. ಅದರಲ್ಲಿ ಅಂಗವಿಕಲರ ಪಿಂಚಣಿ ಸೇರಿದ್ದು 2009ರಲ್ಲಿ, ಅದೂ ಶೇ 80 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವ ಬಿಪಿಎಲ್ ಕುಟುಂಬದವರಿಗೆ. ಕೇಂದ್ರ ಕೊಡುವುದು ತಿಂಗಳಿಗೆ 300 ರೂಪಾಯಿ. ಅದು 2012ರಲ್ಲಿ ನಿಗದಿಯಾದ ಮೊತ್ತ. ಉಳಿದದ್ದು ರಾಜ್ಯದ್ದು. ಕರ್ನಾಟಕದಲ್ಲಿ ಶೇ 40ರಿಂದ 75ರವರೆಗಿನವರಿಗೆ 2021ರಲ್ಲಿ 600 ಇದ್ದದ್ದು 800 ಆಯಿತು. ಶೇ 75ಕ್ಕಿಂತ ಹೆಚ್ಚಿದ್ದರೆ 1,400.

ಇಲ್ಲಿ ಒಂದು ಮಾತು ಹೇಳಲೇಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಕಲಂನಲ್ಲಿ, ಬೇರೆಯವರಿಗೆ ಇರುವ ಇಂಥದ್ದೇ ಯೋಜನೆಗಿಂತ ಅಂಗವಿಕಲರಿಗೆ ಕನಿಷ್ಠ ಶೇ 25 ಹೆಚ್ಚು ಕೊಡಬೇಕು ಅಂತ ಬರೆದಿದೆ. ನಮ್ಮಲ್ಲಿ ವಯಸ್ಸಾದವರ ಸಂಧ್ಯಾ ಸುರಕ್ಷಾ 1,200, ಅಣ್ಣನಿಗೆ 800. ಲೆಕ್ಕ ನೀವೇ ಮಾಡಿ.

ಈ ಮಾಸಾಶನಕ್ಕೆ ಆದಾಯದ ಮಿತಿ ಇದೆ. ವರ್ಷಕ್ಕೆ 32 ಸಾವಿರ ರೂಪಾಯಿ. ಇದು ಎಷ್ಟು ಸಣ್ಣದು ಅಂತ ತಿಳಿಯಲು ದೂರ ಹೋಗಬೇಕಿಲ್ಲ. 2025-26ರಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. 87 ದಿನ ಕೆಲಸಕ್ಕೆ ಹೋದರೆ ಮಿತಿ ದಾಟಿತು. ಆಗ ಸರ್ಕಾರವೇ ಖಾತ್ರಿ ಕೊಟ್ಟಿದ್ದ ನೂರು ದಿನ ಪೂರ್ತಿ ದುಡಿದರೆ, ಸರ್ಕಾರದ್ದೇ ಲೆಕ್ಕದಲ್ಲಿ ನೀವು ಬಡವರಲ್ಲ!

ಒಮ್ಮೆಲೇ ಬಂದ ದುಡ್ಡನ್ನು ಈ ಮಿತಿಯಲ್ಲಿ ಹೇಗೆ ಹಿಡಿಯುವುದು? ಬೇರೆ ದೇಶಗಳಲ್ಲಿ ಇದಕ್ಕೆ ನೇರ ಉತ್ತರ ಇದೆ, ಕ್ರೂರ ಉತ್ತರ. ಅಮೆರಿಕದಲ್ಲಿ 1974ರಲ್ಲಿ ಶುರುವಾದ ಎಸ್‌ಎಸ್‌ಐ ಅನ್ನುವ ನೆರವಿನಲ್ಲಿ, ಒಬ್ಬ ಅಂಗವಿಕಲನ ಹೆಸರಲ್ಲಿ 2,000 ಡಾಲರ್‌ಗಿಂತ ಜಾಸ್ತಿ ಆಸ್ತಿ ಇರಬಾರದು. ವಾಸದ ಮನೆ, ಒಂದು ವಾಹನ ಲೆಕ್ಕಕ್ಕಿಲ್ಲ. ಬ್ಯಾಂಕಿನ ದುಡ್ಡು ಲೆಕ್ಕಕ್ಕೆ. ಈ ಮಿತಿ 1989ರಿಂದ ಕದಲಿಲ್ಲ. ಅಲ್ಲಿ ಯಾರಿಗಾದರೂ ಪಿತ್ರಾರ್ಜಿತವೋ ಲಾಟರಿಯೋ ಬಂದರೆ, ಬಂದ ತಿಂಗಳು ಅದು ಆದಾಯ, ಮುಂದಿನ ತಿಂಗಳಿಗೆ ಉಳಿದದ್ದು ಆಸ್ತಿ. ಅದಕ್ಕೇ ಅಲ್ಲಿಯವರು ಮೊದಲು ಸಾಲ ತೀರಿಸುತ್ತಾರೆ. 2014ರಲ್ಲಿ ಒಂದು ಕಾನೂನು ತಂದು, ಅಂಗವಿಕಲರು ನೆರವು ಕಳೆದುಕೊಳ್ಳದೆ ಉಳಿತಾಯ ಮಾಡಲು ಬೇರೆಯೇ ಖಾತೆ ಕೊಟ್ಟರು.

ನಮ್ಮಲ್ಲಿ ಮಾಸಾಶನದ ಅರ್ಜಿ ಕೇಳುವುದು ಆದಾಯವನ್ನು. ಬ್ಯಾಂಕಿನಲ್ಲಿ ಎಷ್ಟಿದೆ ಅಂತಲ್ಲ. ಹಾಗಾದರೆ ಪರಿಹಾರ ಬಂದರೆ ಏನೂ ಆಗಬಾರದಲ್ವಾ? ಅಣ್ಣನೂ ಹಾಗೇ ಅಂದುಕೊಂಡಿದ್ದ. ಆದರೆ ದುಡ್ಡು ಸುಮ್ನೆ ಮಲಗುವುದಿಲ್ಲ, ಬಡ್ಡಿ ಹಾಕುತ್ತದೆ. ಬಡ್ಡಿ ಆದಾಯ. ಶೇ 7ರ ಎಫ್‌ಡಿ ಇಟ್ಟರೆ 4 ಲಕ್ಷ 57 ಸಾವಿರಕ್ಕೆ ವರ್ಷಕ್ಕೆ 32 ಸಾವಿರ ಬಡ್ಡಿ ಆಯಿತು. ನಿಯಮದಲ್ಲಿ ಎಲ್ಲೂ ಬರೆಯದ ಗಡಿ ಇದು. ಅಣ್ಣ ಅದರ ಆಚೆ ಕಾಲಿಟ್ಟಿದ್ದ.

‘ದುಡ್ಡು ಒಡೆದರೆ ಕರಗಿ ಹೋಗ್ತದೆ’ ಅಂತ ಅವನು 5 ಲಕ್ಷ 60 ಸಾವಿರವನ್ನೂ ಇಡಿಯಾಗಿ ಎಫ್‌ಡಿಗೆ ಹಾಕಿದ. ವರ್ಷಕ್ಕೆ 39,200 ಬಡ್ಡಿ. ಐದು ವರ್ಷದ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿತ್ತು. ಹೊಸದಕ್ಕೆ ಅರ್ಜಿ ಹಾಕಿದಾಗ ಪರಿಶೀಲನೆಗೆ ಬಂದವರು ಪಾಸ್‌ಬುಕ್ ಕೇಳಿದರು. ಅವರ ತಪ್ಪು ಅಂತ ನಾನು ಹೇಳಲಾರೆ. ಅವರು ಕಂಡದ್ದನ್ನು ಬರೆದರು. ಹನ್ನೊಂದು ತಿಂಗಳು ಪಗಾರ ಬರಲಿಲ್ಲ, 8,800 ರೂಪಾಯಿ.

ಇದಕ್ಕಿಂತ ದೊಡ್ಡ ನಷ್ಟ ಅದೇ ಚೀಲದಲ್ಲಿತ್ತು. ಎಫ್‌ಡಿ ಇಟ್ಟ ದಿನ ಅಣ್ಣನಿಗೆ ನಾಲ್ಕು ಸಾಲ ಇದ್ದವು. ಸೊಸೈಟಿಯಲ್ಲಿ 60 ಸಾವಿರ. ಅತ್ತಿಗೆಯ ಬಂಗಾರ ಅಡವಿಟ್ಟು ತಂದ 40 ಸಾವಿರ. ಸಂಘದ ಸಾಲ 35 ಸಾವಿರ, ಪ್ರತಿ ವಾರ ಕಂತು. ಬೋಟಿನ ಯಜಮಾನರ ಹತ್ತಿರ ಕೈಗಡ 50 ಸಾವಿರ, ಬಡ್ಡಿ ಇಲ್ಲ, ಆದರೆ ಎದುರಿಗೆ ಸಿಕ್ಕಾಗ ತಲೆ ತಗ್ಗಿಸಬೇಕು. ಸಂಘದ ಸಾಲದ ಬಡ್ಡಿ ಶೇ 24. ವರ್ಷಕ್ಕೆ 8,400 ಹೋಗುತ್ತಿತ್ತು. ಅದೇ 35 ಸಾವಿರ ಎಫ್‌ಡಿಯಲ್ಲಿ ತರುತ್ತಿದ್ದದ್ದು 2,450. ದುಡಿಯುವ ದುಡ್ಡಿಗಿಂತ ತಿನ್ನುವ ಸಾಲ ಜೋರಾಗಿತ್ತು. ‘ಯಾಕೆ ಮೊದಲೇ ತೀರಿಸಲಿಲ್ಲ?’ ಅಂತ ಕೇಳಿದೆ. ‘ಒಂದೇ ಸಲ ಅಷ್ಟು ದುಡ್ಡು ಕಂಡವನಲ್ಲ ತಮಾ ನಾನು. ಮುಟ್ಟಲಿಕ್ಕೇ ಹೆದರಿಕೆ ಆಯ್ತು’ ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಸಾಲಕ್ಕೆ ಕಟ್ಟಿದ ದುಡ್ಡು ಬಡ್ಡಿ ತರುವುದಿಲ್ಲ, ಹಾಗಾಗಿ ಆದಾಯ ಆಗುವುದಿಲ್ಲ. ಮಾಸಾಶನ ಪಡೆಯುವವನಿಗೆ ಒಮ್ಮೆಲೇ ದುಡ್ಡು ಬಂದಾಗ, ಯಾವ ಅರ್ಜಿಯ ಯಾವ ಕಾಲಂನಲ್ಲೂ ತೊಂದರೆ ಕೊಡದ ಜಾಗ ಅದೊಂದೇ. ಜಮೀನಿನ ಮೇಲೆ ಸಾಲ ಇದ್ದವರು ತೀರಿಸಿ, ನೋ ಡ್ಯೂ ಪತ್ರ ತಂದು, ಪಹಣಿಯ 11ನೇ ಕಾಲಂನಿಂದ ಭೋಜಾ, ಅಂದರೆ ಸಾಲದ ನಮೂದು, ತೆಗೆಸುವುದನ್ನು ಮರೆಯಬಾರದು. ಎಷ್ಟೋ ಜನ ಹಣ ಕಟ್ಟಿ ಸುಮ್ಮನಾಗುತ್ತಾರೆ. ಇನ್ನೊಂದು ವಿಷಯ, ಸುಸ್ತಿ ಸಾಲ ಇರುವ ಬ್ಯಾಂಕಿನ ಖಾತೆಗೇ ಪರಿಹಾರ ಬಿದ್ದರೆ ಬ್ಯಾಂಕು ಅದನ್ನು ಸಾಲಕ್ಕೆ ಹೊಂದಿಸಿಕೊಳ್ಳಬಹುದು. ಆಗ ಬಡ್ಡಿ ಬಿಡಿ ಅಂತ ಚೌಕಾಸಿ ಮಾಡುವ ಅವಕಾಶವೂ ಹೋಗುತ್ತದೆ. 2024ರಲ್ಲಿ ಬರ ಪರಿಹಾರದ ಹಣವನ್ನೇ ಬ್ಯಾಂಕುಗಳು ಸಾಲಕ್ಕೆ ಜಮಾ ಮಾಡಿಕೊಂಡು, ಹಾಗೆ ಮಾಡಬೇಡಿ ಅಂತ ರಾಜ್ಯ ಸರ್ಕಾರ ಹೇಳಬೇಕಾಯಿತು.

ರೇಷನ್ ಕಾರ್ಡಿನ ಪೇಚು ಬೇರೆ. ಬಿಪಿಎಲ್‌ಗೆ ಆದಾಯದ ಮಿತಿ 1 ಲಕ್ಷ 20 ಸಾವಿರ. ಆದಾಯ ತೆರಿಗೆ ಕಟ್ಟುವವರಿಗೆ ಕಾರ್ಡ್ ಇಲ್ಲ, ಗೃಹಲಕ್ಷ್ಮಿಯ 2,000 ರೂಪಾಯಿಯೂ ಇಲ್ಲ. ಟಿಡಿಎಸ್ ವಾಪಸ್ ಪಡೆಯಲು ರಿಟರ್ನ್ ಹಾಕಿದವನು ತೆರಿಗೆ ಕಟ್ಟಿದವನಲ್ಲ. ಆದರೆ ಕಂಪ್ಯೂಟರಿಗೆ ಆ ವ್ಯತ್ಯಾಸ ತಿಳಿಯಲು ತಡವಾಯಿತು. 2024ರ ನವೆಂಬರ್‌ನಲ್ಲಿ ಕಾರ್ಡುಗಳು ರದ್ದಾಗಿ ಗಲಾಟೆ ಎದ್ದಾಗ, ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರದ್ದು ವಾಪಸ್ ಕೊಡುತ್ತೇವೆ ಅಂತ ಸರ್ಕಾರ ಹೇಳಿತು. ಅತ್ತಿಗೆಯ ಕಾರ್ಡ್ ಉಳಿದುಕೊಂಡಿತು, ಪುಣ್ಯ.

ಹೆದ್ದಾರಿ ಅಪಘಾತದ ಪರಿಹಾರದಲ್ಲೂ ಇದೇ ಗಂಟು. ಮಕ್ಕಳಿಗೆ, ಓದು ಬಾರದವರಿಗೆ ಬಂದ ಹಣ ಯಾರೋ ನುಂಗದಿರಲಿ ಅಂತ ಅದನ್ನು ಠೇವಣಿ ಇಡಿಸುವ ಕ್ರಮವನ್ನು ಸುಪ್ರೀಂ ಕೋರ್ಟ್ ತೊಂಬತ್ತರ ದಶಕದಲ್ಲೇ ಹೇಳಿದೆ. ಒಳ್ಳೆಯ ಕ್ರಮ. ಆದರೆ ತಿಂಗಳು ತಿಂಗಳು ಬರುವ ಆ ಬಡ್ಡಿಯೂ ಆದಾಯವೇ.

2014ರ ಜನವರಿಯಿಂದ ಜಾರಿಗೆ ಬಂದ ಹೊಸ ಭೂಸ್ವಾಧೀನ ಕಾಯ್ದೆ ಒಂದು ಆಯ್ಕೆ ಇಟ್ಟಿದೆ. ಬಾಧಿತ ಕುಟುಂಬಕ್ಕೆ ಕೆಲಸ, ಇಲ್ಲವೇ ಒಂದೇ ಸಲ 5 ಲಕ್ಷ, ಇಲ್ಲವೇ 20 ವರ್ಷ ತಿಂಗಳಿಗೆ 2,000ಕ್ಕೆ ಕಡಿಮೆ ಇಲ್ಲದಂತೆ, ಅದೂ ಬೆಲೆ ಏರಿಕೆಗೆ ತಕ್ಕಂತೆ. ಬಹಳ ಜನ ಆಸೆ ಪಡುವುದು 5 ಲಕ್ಷಕ್ಕೆ. ಅದನ್ನು ಶೇ 7ಕ್ಕೆ ಇಟ್ಟರೆ ವರ್ಷಕ್ಕೆ 35 ಸಾವಿರ, ಮಾಸಾಶನದ ಮಿತಿಯ ಆಚೆ. ತಿಂಗಳ 2,000 ಅಂದರೆ ಶುರುವಿನಲ್ಲಿ ವರ್ಷಕ್ಕೆ 24 ಸಾವಿರ, ಈಚೆ. ಕಾಯ್ದೆ ಬರೆದವರು ಇದನ್ನು ಯೋಚಿಸಿರಲಿಕ್ಕಿಲ್ಲ.

ಅಣ್ಣ ಕೊನೆಗೆ ಎಫ್‌ಡಿ ಒಡೆದ. ನಾಲ್ಕೂ ಸಾಲ ತೀರಿಸಿದ, 1 ಲಕ್ಷ 85 ಸಾವಿರ. ಬೋಟಿನ ಯಜಮಾನರಿಗೆ ಕೊಡಲು ಹೋದ ದಿನ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿದ್ದ. ಉಳಿದ 3 ಲಕ್ಷ 75 ಸಾವಿರಕ್ಕೆ ವರ್ಷಕ್ಕೆ 26,250 ಬಡ್ಡಿ. ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರಿಗಾಗಿ ಇರುವ ಪುನರ್ವಸತಿ ಕಾರ್ಯಕರ್ತೆ ಜೊತೆಗೆ ಬಂದು ಕಾಗದ ಹೊಂದಿಸಿಕೊಟ್ಟರು. ಪಗಾರ ಮತ್ತೆ ಶುರುವಾಯಿತು.

ಮೊನ್ನೆ ಹೋದಾಗ ಅವನು ಬಲೆಯ ಹರಿದ ಕಣ್ಣು ಹುಡುಕುತ್ತಾ ಕೂತಿದ್ದ. ‘ಇನ್ನೊಂದು ಸರ್ವೆ ನಂಬರಿನ 28ಎ ಫೈಲು ಉಂಟಲ್ಲ ತಮಾ, ಅದು ಬಂದರೆ?’ ಅಂದ. ರೇಷನ್ ಅಂಗಡಿಯ ರಸೀದಿಯ ಹಿಂದೆ ಲೆಕ್ಕ ಹಾಕಿದೆವು. 4 ಲಕ್ಷ 57 ಸಾವಿರದಲ್ಲಿ 3 ಲಕ್ಷ 75 ಸಾವಿರ ಕಳೆದರೆ 82 ಸಾವಿರ. ಅವನು ಆ ಅಂಕಿಯನ್ನು ಸ್ವಲ್ಪ ಹೊತ್ತು ನೋಡಿದ. ‘ಎಂಬತ್ತರ ಒಳಗೆ ಬರಲಿ ಅಂತ ಗಣಪತಿಗೆ ಹೇಳಿಕೊಳ್ಳಬೇಕು ಹಂಗಾರೆ’ ಅಂತ ನಗುತ್ತಾ ರಸೀದಿಯನ್ನು ಮಡಚಿ ಚೀಲಕ್ಕೆ ಹಾಕಿದ.